ಮೊಡವೆ ಮಾತ್ರೆ ತಿಂದವನ ರಕ್ತ

ಗಂಗೊಳ್ಳಿಯ ಶೈಲೇಶ ರಕ್ತನಿಧಿಗೆ ಓಡಿಬಂದ. ಐದು ತಿಂಗಳ ಬಸುರಿ ಅಕ್ಕ ಧನ್ಯಶ್ರೀಗೆ ರಕ್ತಸ್ರಾವ ಶುರುವಾಗಿ ಕುಂದಾಪುರದ ಆಸ್ಪತ್ರೆಗೆ ತಂದಿದ್ದರು. ರಕ್ತ ಬೇಕು, ಬೇಗ ಬೇಕು. ಮನೆಯಲ್ಲಿ ಅವಳ ರಕ್ತದ ಗುಂಪಿನವನು ಇವನೊಬ್ಬನೇ.

“ನಂದೇ ತಕಣಿ, ಎಷ್ಟ್ ಬೇಕಾರೂ ತಕಣಿ,” ಎಂದು ತೋಳು ಚಾಚಿದ.

ರಕ್ತನಿಧಿಯ ನರ್ಸ್ ವಿಜೇತಾ ಕೇಳಿದಳು: “ಎಂತಾರೂ ಮಾತ್ರೆ ತಕಂತಾ ಇದ್ರಾ?”

ಶೈಲೇಶ ಕೆನ್ನೆ ಮುಟ್ಟಿಕೊಂಡ. ಮುಖದ ತುಂಬ ಕೀವುಗಟ್ಟಿದ ಗಂಟು ಮೊಡವೆ ಎದ್ದು, ದಿಂಬಿಗೆ ಕೆನ್ನೆ ಇಡಲಾಗದೆ ಒದ್ದಾಡಿದವನು ಅವನು. ಯಾವ ಮುಲಾಮೂ ನಾಟಿರಲಿಲ್ಲ. ಚರ್ಮದ ಡಾಕ್ಟರು ಕೊಟ್ಟ ಐಸೊಟ್ರೆಟಿನಾಯಿನ್ ಮಾತ್ರೆಯಿಂದ ಈಗ ಗಂಟು ಇಳಿದಿತ್ತು, ಹೊಸ ಕಲೆ ಬೀಳುವುದು ನಿಂತಿತ್ತು. ಆದರೆ ಬಂದರಿನ ಗೆಳೆಯರು ಗೇಲಿ ಮಾಡಿಯಾರೆಂದು ಯಾರಿಗೂ ಹೇಳಿರಲಿಲ್ಲ. ಆ ಮಾತ್ರೆಯಿಂದ ತುಟಿ ಒಡೆದದ್ದನ್ನೂ ಉಪ್ಪುಗಾಳಿಯ ತಲೆಗೆ ಕಟ್ಟಿದ್ದ.

“ಇಲ್ಲ,” ಎಂದುಬಿಟ್ಟ.

ವಿಜೇತಾ ತೋಳು ಒರೆಸಿ ಸೂಜಿ ಎತ್ತಿದಳು. ಮಾತ್ರೆ ತಿನ್ನುವಷ್ಟು ದಿನ ರಕ್ತ ಕೊಡಬೇಡ ಎಂದು ಡಾಕ್ಟರು ಹೇಳಿದ್ದು ಆಗ ನೆನಪಾಗಿ ಅವನು ತೋಳು ಹಿಂದಕ್ಕೆಳೆದ.

“ಹ್ವಾಯ್, ನಿಲ್ಲಿ! ಸುಳ್ಳ್ ಹೇಳ್ದೆ. ಈಗ್ಳೂ ಮೊಡವೆ ಮಾತ್ರೆ ತಿಂತಾ ಇದ್ದೆ.”

ಪಕ್ಕದಲ್ಲಿದ್ದ ತಾಯಿ ಜಲಜ ಸಿಡಿದಳು. “ಮೊಡವೆ ಮಾತ್ರೆಗೆ ಎಂತ ಆತ್ತಾ? ಒಳಗೆ ಮಗಳ್ ಸಾಯ್ತಾ ಇತ್ತ್!”

ವಿಜೇತಾ ಸೂಜಿ ಕೆಳಗಿಟ್ಟಳು. “ಅಮ್ಮಾ, ಈ ಮದ್ದ್ ರಕ್ತದಲ್ಲಿ ಇರತ್ತ್. ಬಸ್ರಿ ಮೈಗೆ ಹೋರೆ ಹೊಟ್ಟೆಲಿಪ್ಪ ಶಿಶುವಿನ ಮಿದುಳು, ಹೃದಯಕ್ಕೆ ಅಪಾಯ. ಮಾತ್ರೆ ನಿಲ್ಸಿ ಒಂದ್ ತಿಂಗ್ಳ್ ಆಪಲ್ಲಿವರೆಗೆ ಇವ್ರ್ ರಕ್ತ ಕೊಡೂಕಾಗ.”

“ಹಂಗಾರೆ ಆ ವಿಷ ಇವ ಎಂತಕೆ ತಿಂತ?”

“ವಿಷ ಅಲ್ಲ, ಇಂಥಾ ಮೊಡವೆಗೆ ಒಳ್ಳೆ ಮದ್ದೇ. ಡಾಕ್ಟ್ರ್ ಹೇಳ್ದಷ್ಟೇ ತಿನ್ಕ್, ರಕ್ತ ಪರೀಕ್ಷೆ ಮಾಡ್ಸ್ಕ್. ಮನಸ್ಸ್ ಕುಗ್ಗಿರೆ, ತಲೆನೋವ್ ಜೋರಾರೆ ಕೂಡ್ಲೇ ಹೇಳ್ಕ್. ಹೆಣ್ಮಕ್ಕಳಂತೂ ಅದನ್ನ್ ತಿಂಬ ಹೊತ್ತಿಗೆ, ನಿಲ್ಸಿ ಒಂದ್ ತಿಂಗ್ಳ್ ತನಕ, ಬಸ್ರಿ ಆಪುಕೇ ಆಗ.”

ಜಲಜ ಮಗನ ಕೈಗೆ ಫೋನು ಕೊಟ್ಟಳು. ಶೈಲೇಶ ನಾಚಿಕೆ ಬಿಟ್ಟು ಬಂದರಿನ ಗೆಳೆಯರಿಗೆ ಫೋನು ಹಚ್ಚಿದ. “ಮೊಡವೆಗೆ ಮಾತ್ರೆ ತಿಂತಾ ಇದ್ದೆ, ಅಕ್ಕನಿಗೆ ನನ್ ರಕ್ತ ಆತಿಲ್ಲ. ನನ್ ರಕ್ತದ ಗುಂಪಿನವ್ರ್ ಯಾರಾರೂ ಬನ್ನಿ ಮರ್ರೆ!”

ಯಾರೂ ನಗಲಿಲ್ಲ. ಅದೇ ರಕ್ತದ ಗುಂಪಿನ ಗೆಳೆಯ ಸೂರ ದೋಣಿಯಿಂದ ಇಳಿದವನೇ ಮೀನುವಾಸನೆಯ ಅಂಗಿಯಲ್ಲೇ ಓಡಿಬಂದ.

ಪರೀಕ್ಷೆ ಮಾಡಿ ಅವನ ರಕ್ತವನ್ನು ಧನ್ಯಶ್ರೀಗೆ ಏರಿಸಿದರು. ಸಂಜೆಗೆ ರಕ್ತಸ್ರಾವ ನಿಂತಿತು. ಸ್ಕ್ಯಾನಿನಲ್ಲಿ ಕೂಸಿನ ಎದೆಬಡಿತ ಕೇಳಿಸಿತು. ಜಲಜ ಮಗನ ಕೆನ್ನೆ ಸವರಿ ಅತ್ತಳು. “ನೀ ಬಾಯ್ ಬಿಟ್ಟದ್ದೇ ಬಚಾವ್ ಮಗಾ. ಇನ್ ಮಾತ್ರೆ ತಿಂಬುದನ್ನ್ ಅಡಗ್ಸ್‌ಬ್ಯಾಡ.”

ಓದುವವರೇ, ಗಂಟು ಮೊಡವೆಗೆ ಮದ್ದಿದೆ, ಚರ್ಮದ ಡಾಕ್ಟರಿಗೆ ತೋರಿಸಿ. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ನಿಮ್ಮ ಮಾತ್ರೆಯನ್ನು ತಂಗಿಗೂ ಅತ್ತಿಗೆಗೂ ಕೊಡಬೇಡಿ. ರಕ್ತ ಕೊಡುವಾಗ ಕೇಳಿದರೆ ನಿಜ ಹೇಳಿ. ಆ ರಕ್ತ ಯಾವ ತಾಯಿಯ ಮೈಗೆ ಹೋಗುತ್ತದೋ ನಿಮಗೆ ಗೊತ್ತಿರುವುದಿಲ್ಲ.