ಒಂದನೇ ನಂಬರಿನ ಫ್ಲಾಸ್ಕು

ಅಪ್ಪ ಮಾಂಸ ಬಿಟ್ಟ ಸುದ್ದಿ ನಮಗೆ ತಿಳಿಯುವ ಮೊದಲೇ ಬಸ್ ನಿಲ್ದಾಣದ ಅರ್ಧ ಜನಕ್ಕೆ ತಿಳಿದಿತ್ತು. ಇಪ್ಪತ್ತಾರು ವರ್ಷದಿಂದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಅಂಥವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಾದರೂ ಹೇಗೆ?

ಕಾರಣ ಗೇರ್ ಮಾಮ. ಅಪ್ಪನ ಹಳೆಯ ಗೆಳೆಯ, ಡ್ರೈವರು. ಒಂದು ದಿನ ಡಿಪೋದಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಪರೇಷನ್ ಆಗಿ ಬದುಕಿಕೊಂಡ, ಆದರೆ ಆಸ್ಪತ್ರೆಯಲ್ಲಿ ಅವನ ಎದೆಯ ಮೇಲಿನ ಹೊಲಿಗೆ ನೋಡಿ ಬಂದ ಅಪ್ಪ ಅಂದು ರಾತ್ರಿ ಊಟದ ಮೇಜಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಇನ್ನು ಮುಂದೆ ಈ ಮನೆಯಲ್ಲಿ ಸೊಪ್ಪು, ತರಕಾರಿ, ಕಾಳು ಮಾತ್ರ ಎಂದು ಮೈಕಿಲ್ಲದೆಯೇ ಘೋಷಿಸಿದರು. ಅಮ್ಮ ಬಾಣಲೆಯಲ್ಲಿದ್ದ ಮೀನನ್ನು ನೋಡಿದರು. ಮೀನು ಯಾರನ್ನೂ ನೋಡಲಿಲ್ಲ.

ಅಲ್ಲಿಂದ ಹತ್ತು ತಿಂಗಳು. ಅಪ್ಪ ಮಾಂಸ ತಿನ್ನುವುದನ್ನು ಬಿಟ್ಟರು, ನಮ್ಮ ತಲೆ ತಿನ್ನುವುದನ್ನು ಮಾತ್ರ ಬಿಡಲಿಲ್ಲ. ಹುರುಳಿಕಾಯಿಯಲ್ಲಿ ಏನಿದೆ, ಎಲೆಕೋಸಿನಲ್ಲಿ ಏನಿದೆ ಎಂದು ದಿನವೂ ಹೇಳುತ್ತಿದ್ದರು. ಎಲೆಕೋಸಿನಲ್ಲಿ ಮುಖ್ಯವಾಗಿ ಎಲೆಕೋಸೇ ಇರುತ್ತಿತ್ತು ಎಂಬುದು ನನ್ನ ಅನುಭವ. ಆದರೂ ನಾನು ಹೊಂದಿಕೊಂಡೆ. ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿರುವ ಅಮ್ಮ, ಪಾತ್ರೆ ತೊಳೆಯುವುದು ಸಲೀಸಾಯಿತು ಎಂದು ಒಳಗೊಳಗೇ ಖುಷಿಪಟ್ಟರು.

ಹೊಂದಿಕೊಳ್ಳದವರು ಅಜ್ಜಿ, ಅಪ್ಪನ ತಾಯಿ. ಎಂಬತ್ತೊಂದು ವರ್ಷ. ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ರಾತ್ರಿ ತಟ್ಟೆಯ ಮುಂದೆ ಕೂತು ಮೂರು ತುತ್ತು, ಹೆಚ್ಚೆಂದರೆ ನಾಲ್ಕು ತುತ್ತು ತಿಂದು, ಸಾಕಪ್ಪ ಎಂದು ತಟ್ಟೆ ಸರಿಸುತ್ತಿದ್ದರು. ನಮ್ಮ ತಟ್ಟೆಗಳಿಂದ ಮಾಯವಾದ ಮೂಳೆಗಳು ಒಂದೊಂದಾಗಿ ಅಜ್ಜಿಯ ಮೈಮೇಲೆ ಕಾಣಿಸಿಕೊಳ್ಳತೊಡಗಿದವು. ಮೊದಲು ಕೊರಳ ಕೆಳಗೆ, ಆಮೇಲೆ ಮಣಿಕಟ್ಟಿನಲ್ಲಿ. ನಾನು ಅಪ್ಪನ ದನಿ ಅನುಕರಿಸಿ, ‘ಪ್ರಯಾಣಿಕರ ಗಮನಕ್ಕೆ, ಐದನೇ ತುತ್ತು ಈಗ ಬಾಯಿಯತ್ತ ಹೊರಟಿದೆ’ ಎಂದರೆ ಅಜ್ಜಿ ನಗುತ್ತಿದ್ದರು. ನಗುವುದಕ್ಕೆ ಬಾಯಿ ತೆರೆಯುತ್ತಿತ್ತು, ತುತ್ತಿಗೆ ತೆರೆಯುತ್ತಿರಲಿಲ್ಲ.

ಒಂದು ದಿನ ಅವರ ತಲೆ ಬಾಚುತ್ತಾ ಕೇಳಿದೆ, ಅಪ್ಪನಿಗೆ ಹೇಳಲೇ, ನಿಮಗೊಬ್ಬರಿಗೆ ಬೇರೆ ಮಾಡಿಕೊಡೋಣವೇ ಎಂದು.

‘ಅವನಿಗೆ ಹೇಳಿದ್ಯೋ, ಆ ನಾಲ್ಕು ತುತ್ತನ್ನೂ ಬಿಡ್ತೀನಿ,’ ಅಂದರು ಅಜ್ಜಿ. ‘ನನಗೋಸ್ಕರ ಮನೆಗೆ ತರ್ತಾನೆ, ತಂದಮೇಲೆ ಅವನೂ ತಿಂತಾನೆ. ನನ್ನ ಬಾಯಿಚಪಲಕ್ಕೆ ಅವನ ಎದೆ ಕೆಡಬೇಕಾ? ನಂದೇನು, ಇವತ್ತೋ ನಾಳೆಯೋ.’

ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಮಾರನೆಯ ದಿನದಿಂದಲೇ ಕಳ್ಳದಂಧೆ ಶುರುಮಾಡಿದೆ.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ತೆರೆಯುವುದು ಮಧ್ಯಾಹ್ನಕ್ಕೆ. ಅಮ್ಮ ಬೆಳಿಗ್ಗೆ ಏಳಕ್ಕೆ ಹೊರಡುತ್ತಾರೆ. ಅಪ್ಪ ಏಳರಿಂದ ಎಂಟರವರೆಗೆ ವಾಕಿಂಗು. ಆ ಒಂದು ಗಂಟೆ ಅಡುಗೆಮನೆ ನನ್ನದು. ಹಿಂದಿನ ಸಂಜೆ ತಂದು ಫ್ರಿಜ್ಜಿನ ಪಾಲಕ್ ಡಬ್ಬಿಯ ತಳದಲ್ಲಿ ಅಡಗಿಸಿಟ್ಟ ಕೋಳಿಯ ತುಂಡುಗಳನ್ನು ಕುಕ್ಕರಿಗೆ ಹಾಕಿ, ಮೆಣಸು, ಬೆಳ್ಳುಳ್ಳಿ ಸೇರಿಸಿ ಸೂಪು ಮಾಡುತ್ತಿದ್ದೆ. ವಾಸನೆ ಮುಚ್ಚಲು ದಿನಾ ಒಂದು ಹೋಳು ಬ್ರೆಡ್ಡನ್ನು ಬೇಕೆಂದೇ ಕರಕಲು ಮಾಡುತ್ತಿದ್ದೆ. ಸೂಪನ್ನು ಸೋಸಿ ಅಜ್ಜಿಯ ಫ್ಲಾಸ್ಕಿಗೆ ತುಂಬಿ, ಹತ್ತು ಗಂಟೆಗೆ ಅಣಬೆ ಸೂಪು ಎಂದು ಹೇಳಿ ಕೊಡುವುದು.

ಮೊದಲ ದಿನ ಅಜ್ಜಿ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು.

‘ಈ ಅಣಬೆಗೆ ರೆಕ್ಕೆ ಇತ್ತೇನೇ?’

ನಾನು ಗೊತ್ತಿಲ್ಲ ಅಂದೆ. ಅವರೂ ಮುಂದೆ ಕೇಳಲಿಲ್ಲ. ಲೋಟ ಮಾತ್ರ ಖಾಲಿಯಾಯಿತು. ಏಳು ದಿನ ಹೀಗೆಯೇ ನಡೆಯಿತು. ಏಳನೇ ದಿನ ಅಜ್ಜಿ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿಬಂದರು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅಪ್ಪ ಮನೆಯನ್ನೂ ಬಸ್ ನಿಲ್ದಾಣದಂತೆಯೇ ನಡೆಸುತ್ತಾರೆ. ನಮ್ಮಲ್ಲಿ ಒಂದೇ ಥರದ ಮೂರು ಸ್ಟೀಲ್ ಫ್ಲಾಸ್ಕುಗಳಿವೆ. ಅಡುಗೆಮನೆಯ ಹಲಗೆಯ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದಾರೆ. ಒಂದನೆಯದು ಅವರದು, ದಿನವಿಡೀ ಮಾತಾಡುವ ಗಂಟಲಿಗೆ ಬಿಸಿ ಸೂಪು ಬೇಕು, ಅಮ್ಮ ಹೊರಡುವ ಮೊದಲು ನಿಜವಾದ ಅಣಬೆ ಸೂಪನ್ನೇ ತುಂಬಿಡುತ್ತಾರೆ. ಎರಡನೆಯದು ಅಜ್ಜಿಯದು, ಮೂರನೆಯದು ಅಮ್ಮನದು. ನನಗೆ ನಂಬರಿಲ್ಲ, ನಾನು ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು. ವಸ್ತುವನ್ನು ನೋಡಬೇಡಿ, ನಂಬರು ನೋಡಿ ಎಂಬುದು ಅಪ್ಪನ ಪಾಠ. ಯಾರಾದರೂ ಜಾಗ ಬದಲಿಸಿದರೆ ಮನೆಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಕೂಗದೆ ಬದಲಿಸುವುದು ಅವರ ವೃತ್ತಿಯಲ್ಲಿ ಮಹಾಪರಾಧ.

ಎಂಟನೇ ದಿನ ಉಪ್ಪಿನ ಡಬ್ಬಿ ಹಲಗೆಯ ಹಿಂಬದಿಗೆ ಸರಿದುಹೋಗಿತ್ತು. ಅದನ್ನು ತೆಗೆಯಲು ಅಪ್ಪನ ಫ್ಲಾಸ್ಕನ್ನು ಕೆಳಗಿಟ್ಟೆ. ಸೂಪಿಗೆ ಉಪ್ಪು ಹಾಕಿ, ಅಜ್ಜಿಯ ಫ್ಲಾಸ್ಕು ತುಂಬಿ ಮುಚ್ಚಳ ತಿರುಗಿಸುತ್ತಿದ್ದೆ, ಗೇಟಿನ ಸದ್ದು ಕೇಳಿತು. ಅಪ್ಪ ಹತ್ತು ನಿಮಿಷ ಮೊದಲೇ ಬಂದಿದ್ದರು. ಕೈಗೆ ಸಿಕ್ಕಿದ್ದನ್ನು ಕಣ್ಣಿಗೆ ಕಂಡ ಜಾಗಕ್ಕೆ ತಳ್ಳಿ, ಕುಕ್ಕರನ್ನು ತೊಟ್ಟಿಗೆ ಹಾಕಿ, ಮೇಲೆ ನಲ್ಲಿ ಬಿಟ್ಟೆ. ಅಪ್ಪ ಒಳಗೆ ಬಂದು ಮೂಗರಳಿಸಿ, ಇವತ್ತೂ ಬ್ರೆಡ್ಡು ಸುಟ್ಟೆಯಾ ಎಂದು ಕೇಳಿದರು. ಸ್ನಾನ ಮಾಡಿದರು, ಬ್ಯಾಗು ತೆಗೆದುಕೊಂಡರು, ಒಂದನೇ ನಂಬರಿನ ಮೇಲಿದ್ದ ಫ್ಲಾಸ್ಕನ್ನು ನೋಡದೆಯೇ ಕೈ ಚಾಚಿ ಎತ್ತಿಕೊಂಡು ಹೊರಟರು.

ಹತ್ತು ಗಂಟೆಗೆ ಅಜ್ಜಿಗೆ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟರು.

‘ಇವತ್ತಿನ ಅಣಬೆ ಅಣಬೆ ಥರಾನೇ ಇದೆಯಲ್ಲೇ.’

ನಾನು ಫ್ಲಾಸ್ಕಿನೊಳಗೆ ಬಗ್ಗಿ ನೋಡಿದೆ. ಅಣಬೆಯ ಚೂರುಗಳು, ನನ್ನ ಪುಣ್ಯವೆಲ್ಲ ಖರ್ಚಾಯಿತು ಎಂದು ಹೇಳುವಂತೆ, ತೇಲುತ್ತಿದ್ದವು. ಅಜ್ಜಿಗೂ ಅರ್ಥವಾಯಿತು. ಅವರ ಮುಖ ಬಿಳಿಚಿಕೊಂಡಿತು. ಓಡು ಎಂದರು, ಅವನು ಕುಡಿಯೋದರೊಳಗೆ ಓಡು ಎಂದರು. ಏಳು ದಿನದ ಸೂಪನ್ನೆಲ್ಲ ವಾಪಸು ಕೊಟ್ಟುಬಿಡುವವರ ಹಾಗಿತ್ತು ಆ ದನಿ.

ನಿಲ್ದಾಣ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗುವಾಗ ತಲೆಯಲ್ಲಿ ಒಂದೇ ಲೆಕ್ಕ. ಅಪ್ಪನಿಗೆ ಗೊತ್ತಾದರೆ ಅಜ್ಜಿ ಸಿಕ್ಕಿಬಿದ್ದ ಹಾಗೆ. ಸಿಕ್ಕಿಬಿದ್ದ ಅಜ್ಜಿ ನಾಚಿಕೆಗೆ ಮತ್ತೆ ತಟ್ಟೆ ಸರಿಸುತ್ತಾರೆ, ಈ ಸಲ ಯಾರ ಅಣಬೆಗೂ ಬಾಯಿ ತೆರೆಯುವುದಿಲ್ಲ. ಆಮೇಲೆ ಎಷ್ಟು ದಿನ? ಅಂಚೆ ಕಚೇರಿಯ ಮೂಲೆ ತಿರುಗುವಾಗ ಅಪ್ಪನ ದನಿ ಧ್ವನಿವರ್ಧಕದಲ್ಲಿ ಕೇಳಿತು, ಗಟ್ಟಿಯಾಗಿ, ಎಂದಿನಂತೆ. ಇನ್ನೂ ಕುಡಿದಿಲ್ಲ ಅಂದುಕೊಂಡೆ. ಆಮೇಲೆ ದನಿ ನಿಂತಿತು. ಹಣ್ಣಿನ ಅಂಗಡಿ ದಾಟಿದೆ, ಪೆಟ್ರೋಲ್ ಬಂಕ್ ದಾಟಿದೆ, ದನಿ ಇಲ್ಲ. ಹತ್ತೂಕಾಲಿನ ಬಸ್ಸು ಹೇಳದೆ ಕೇಳದೆ ಹೊರಟುಹೋಯಿತು. ಇಪ್ಪತ್ತಾರು ವರ್ಷದಲ್ಲಿ ಹಾಗಾಗಿದ್ದನ್ನು ನಾನು ಕೇಳಿರಲಿಲ್ಲ.

ಗಾಜಿನ ಗೂಡಿನ ಬಾಗಿಲು ತಳ್ಳಿದಾಗ ಅಪ್ಪ ಫ್ಲಾಸ್ಕಿನ ಮುಚ್ಚಳದ ಒಳಭಾಗವನ್ನು ಬ್ರೆಡ್ಡಿನ ತುಣುಕಿನಿಂದ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಫ್ಲಾಸ್ಕು ಅಡ್ಡ ಮಲಗಿತ್ತು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಅಪ್ಪ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಹಾಕಿಕೊಂಡಾಗಿತ್ತು.

ಅವರು ಒಂದು ಬೆರಳೆತ್ತಿ ನನ್ನನ್ನು ತಡೆದು, ಮೈಕಿನ ಗುಂಡಿ ಒತ್ತಿ, ಐದನೇ ಪ್ಲಾಟ್‌ಫಾರಂ ಬಸ್ಸು ಹೇಳಿ, ಗುಂಡಿ ಬಿಟ್ಟರು.

‘ಯಾವತ್ತಿಂದ?’

‘ಎಂಟು ದಿನ ಆಯ್ತು. ನಂದೇ ತಪ್ಪು. ಅಜ್ಜಿಗೆ ಏನೂ ಗೊತ್ತಿಲ್ಲ, ಅಣಬೆ ಅಂತ ಹೇಳಿ ಕೊಡ್ತಿದ್ದೆ.’

‘ನಿಮ್ಮಜ್ಜಿಗೆ ಗೊತ್ತಿಲ್ವಾ? ಮೀನಿನ ಕಣ್ಣು ನೋಡಿ ಅದು ಯಾವತ್ತು ಸತ್ತಿದ್ದು ಅಂತ ಹೇಳೋ ಹೆಂಗಸು ಅದು.’ ಮತ್ತೆ ಗುಂಡಿ, ಮತ್ತೆ ಒಂದು ಬಸ್ಸು. ಗುಂಡಿ ಬಿಟ್ಟು, ಖಾಲಿ ಫ್ಲಾಸ್ಕನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ‘ಕುಡಿದ್ರಾ?’

‘ಒಂದು ತೊಟ್ಟೂ ಬಿಡಲ್ಲ. ಇನ್ನೂ ಇದೆಯಾ ಅಂತ ಕೇಳ್ತಾರೆ.’

ಅಪ್ಪ ನನ್ನ ಕಡೆಯಿಂದ ಮುಖ ತಿರುಗಿಸಿ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನೋಡತೊಡಗಿದರು. ಅದು ಅವರಿಗೆ ಬಾಯಿಪಾಠ, ನೋಡುವಂಥದ್ದೇನೂ ಇರಲಿಲ್ಲ.

‘ನಾನು ಅಂದ್ಕೊಂಡಿದ್ದೆ, ಅಮ್ಮನ ಕಾಲ ಮುಗೀತು ಅಂತ,’ ಅಂದರು. ‘ಊಟ ಬಿಟ್ಟಮೇಲೆ ಇನ್ನೇನು ಅಂತ. ಆರು ತಿಂಗಳಿಂದ ದಿನಾ ಬೆಳಿಗ್ಗೆ ಎದ್ದು ಮೊದಲು ಅವರ ಉಸಿರು ನೋಡ್ತೀನಿ. ಬರೀ ರುಚಿ ಹಿಡಿಸ್ದೆ ತಿಂತಿರಲಿಲ್ವಾ? ಎಲೆಕೋಸು ಸೇರ್ತಿರಲಿಲ್ಲ, ಅಷ್ಟೇನಾ?’

‘ಅಷ್ಟೇ ಅಪ್ಪ.’

ಅವರು ನಕ್ಕರು. ನಗುವಿನ ನಡುವೆ ಕರವಸ್ತ್ರ ಹುಡುಕಿ ಕಣ್ಣೊರೆಸಿಕೊಂಡು, ಮೆಣಸು ಜಾಸ್ತಿಯಾಗಿದೆ ನಿನ್ನ ಸೂಪಿಗೆ ಎಂದು ನೆಪ ಹೇಳಿದರು.

ಅಜ್ಜಿ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಹೇಳಿದೆ, ಎದೆಯ ವಿಷಯ. ಅಪ್ಪ ಪೆಚ್ಚಾದರು. ಎರಡು ತಿಂಗಳ ಹಿಂದೆಯೇ ಅವರು ಗುಟ್ಟಾಗಿ ಹೋಗಿ ಪರೀಕ್ಷೆ ಮಾಡಿಸಿದ್ದರಂತೆ. ಎದೆ ಗಟ್ಟಿಮುಟ್ಟಾಗಿದೆ, ವಾರಕ್ಕೆ ಎರಡು ದಿನ ಹಿತಮಿತವಾಗಿ ತಿಂದರೆ ಏನೂ ಆಗದು, ನಡಿಗೆ ಬಿಡಬೇಡಿ ಎಂದು ಡಾಕ್ಟರು ಮೂಗಿನ ದನಿಯಲ್ಲಿ ಹೇಳಿದರಂತೆ. ಅಪ್ಪ ಆ ದನಿಯನ್ನೂ ಮಾಡಿ ತೋರಿಸಿದರು. ನನಗೆ ಈ ಅನುಕರಣೆಯ ಚಟ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಿಲ್ಲ. ಹಾಗಾದರೆ ಯಾಕೆ ಹೇಳಲಿಲ್ಲ ಅಂದೆ.

‘ಯಾರಿಗೆ ಅಂತ ಹೇಳ್ಲಿ? ಟೀ ಅಂಗಡಿಯವನಿಂದ ಹಿಡಿದು ಕಂಟ್ರೋಲರ್‌ವರೆಗೆ ಎಲ್ಲರ ಹತ್ರ ಜಂಬ ಕೊಚ್ಚಿದೀನಿ. ಹತ್ತೋದು ಹತ್ತಿಬಿಟ್ಟೆ ಮಗಳೇ, ಇಳಿಯೋದು ಎಲ್ಲಿ ಅಂತ ಗೊತ್ತಾಗ್ಲಿಲ್ಲ.’

ಆ ಸಂಜೆ ಅವರು ಕೈಯಲ್ಲಿ ಒಂದು ಕೋಳಿ ಹಿಡಿದು, ಮುಚ್ಚಿಡದೆ, ರಾಜಬೀದಿಯಲ್ಲೇ ನಡೆದುಬಂದರು. ಅಮ್ಮ ನಡೆದದ್ದನ್ನೆಲ್ಲ ಕೇಳಿ, ದಿನಾ ಬ್ರೆಡ್ಡು ಸುಟ್ಟವಳು ನೀನಾ ಎಂದು ಮಾತ್ರ ನನ್ನನ್ನು ವಿಚಾರಿಸಿ, ಬಾಣಲೆ ಒಲೆಗಿಟ್ಟರು. ಈರುಳ್ಳಿ ಬಾಡುವ ಹೊತ್ತಿಗೇ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು.

ಅಜ್ಜಿ ಮಾತ್ರ ಮೇಜಿಗೆ ಬರಲು ಒಪ್ಪಲಿಲ್ಲ. ಬಂದಮೇಲೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ತನಗೆ ಬೇಡವೆಂದೂ, ಮಗ ತಿನ್ನಬಾರದೆಂದೂ, ಬೇಕಾದರೆ ಕೋಳಿಯನ್ನು ಪಕ್ಕದ ಮನೆಗೆ ಕೊಟ್ಟುಬಿಡಿ ಎಂದೂ ಹಟ ಹಿಡಿದರು. ಅಪ್ಪ ಡಾಕ್ಟರ ಚೀಟಿ ತಂದು ಓದಿದರು. ಅಜ್ಜಿ ನಂಬಲಿಲ್ಲ.

‘ಮೈಕಲ್ಲೂ ಇವನು ಹಾಗೇ, ಬರೆದಿರೋದು ಒಂದು, ಓದೋದು ಒಂದು. ನೀನು ಓದೇ ಪುಟ್ಟಿ.’

ನಾನು ಓದಿದೆ. ಇನ್ನೊಂದು ಸಲ ಅಂದರು. ಓದಿದೆ. ವಾರಕ್ಕೆ ಎರಡು ದಿನ ಎಂಬಲ್ಲಿ ನನ್ನ ಬೆರಳನ್ನು ತಮ್ಮ ಬೆರಳಿನಿಂದ ಒತ್ತಿ ಹಿಡಿದು, ಎರಡು ಅಂತಲೇ ಇದೆಯಾ, ಒಂದನ್ನು ತಿದ್ದಿಲ್ಲ ತಾನೇ ಎಂದು ಕೇಳಿದರು. ಇಲ್ಲ, ಡಾಕ್ಟರದೇ ಅಕ್ಷರ, ಅದಕ್ಕೇ ಇಷ್ಟು ಕೆಟ್ಟದಾಗಿದೆ ಅಂದೆ.

‘ಅಮ್ಮ, ನಿನ್ನ ಮಗನ ಎದೆಗೆ ಏನೂ ಆಗಿಲ್ಲ,’ ಅಂದರು ಅಪ್ಪ. ಮೈಕಿನ ದನಿಯಲ್ಲಲ್ಲ, ಮೆಲ್ಲಗೆ. ‘ನೀನು ತಿನ್ನದೇ ಇದ್ರೆ ಆಗುತ್ತೆ.’

ಅಜ್ಜಿ ಸ್ವಲ್ಪ ಹೊತ್ತು ಮಗನ ಎದೆಯನ್ನೇ, ಅಂಗಿಯ ಗುಂಡಿಗಳನ್ನು ಎಣಿಸುವವರಂತೆ ನೋಡಿದರು. ಆಮೇಲೆ ಮಡಿಲಿನಿಂದ ಕೈ ತೆಗೆದು, ತಟ್ಟೆಯನ್ನು ಎರಡೂ ಕೈಯಲ್ಲಿ ತಮ್ಮ ಕಡೆಗೆ ಎಳೆದುಕೊಂಡರು.

ನಾವು ಯಾರೂ ಎಣಿಸಲಿಲ್ಲ. ಐದನೇ ತುತ್ತು ಯಾವಾಗ ಹೋಯಿತೋ, ಹನ್ನೊಂದನೆಯದು ಯಾವಾಗ ಹೋಯಿತೋ. ಅಪ್ಪ ಎರಡು ತುಂಡು ತಿಂದು, ಎಲೆಕೋಸಿನ ಕಡೆ ತಿರುಗಿದರು. ಅವರಿಗೆ ಅದು ನಿಜಕ್ಕೂ ಇಷ್ಟವಾಗಿಬಿಟ್ಟಿದೆ ಎಂಬುದು ಅಂದು ಗೊತ್ತಾಯಿತು. ಅಮ್ಮನೂ ನಾನೂ ಎರಡನ್ನೂ ತಿಂದೆವು. ಅಜ್ಜಿ ಒಂದು ಮೂಳೆಯನ್ನು ಹಿಡಿದು, ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ಹೊರಳಿಸಿ ಹೊರಳಿಸಿ, ಒಳಗಿದ್ದದ್ದನ್ನೆಲ್ಲ ಚೀಪಿ ತಟ್ಟೆಯ ಅಂಚಿಗೆ ಒರಗಿಸಿಟ್ಟರು. ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

‘ನಾಳೆ ಏನು?’

ಅಮ್ಮ, ಅಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಹುರುಳಿಕಾಯಿ,’ ಅಂದರು ಅಮ್ಮ, ಅಳುಕುತ್ತಲೇ.

ಅಜ್ಜಿ ಮೂತಿ ಸೊಟ್ಟಗೆ ಮಾಡಿದರು.

‘ಸರಿ. ನಾಡಿದ್ದು?’