ಅಕ್ಕ ಇಲ್ಲದ ಪರದೆ

ಅಕ್ಕನ ಗಂಟಲು ಮೂರು ಬಾಗಿಲು ದಾಟಿ ಬರುವಂಥದ್ದು. ಅಡುಗೆಮನೆಯಲ್ಲಿ ನಿಂತು "ಲೋ, ಗೀಸರ್ ಆಫ್ ಮಾಡಿದ್ಯಾ?" ಎಂದರೆ, ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡು ನಿಂತವನು ಕಣ್ಣು ಬಿಟ್ಟು ಉರಿಸಿಕೊಳ್ಳಬೇಕು. ಅದು ಅವಳ ತಪ್ಪಲ್ಲ, ಕಸುಬು. ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಕೂಗಿ ಒಳಗೆ ಕಳಿಸುವ ಕೆಲಸ ಅವಳದು. ಅಲ್ಲಿ ಗೋಡೆಗೆ ನಂಬರಿನ ಬೋರ್ಡೇನೋ ಇದೆ. ಆದರೆ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತವರಿಗೆ ಬೋರ್ಡು ಎಲ್ಲಿ ಕಾಣಬೇಕು? ಅವರಿಗೆ ಅಕ್ಕನ ಗಂಟಲೇ ಗತಿ. ದಿನವೆಲ್ಲ ಕೂಗಿ ದಣಿದವಳು ಮನೆಗೆ ಬಂದಕೂಡಲೇ ಆ ಗಂಟಲನ್ನು ಕಳಚಿ ಚಪ್ಪಲಿ ಪಕ್ಕ ಇಡುವುದಕ್ಕಾಗುತ್ತದೆಯೇ?

ತಮ್ಮನ ಕಸುಬು ಇದಕ್ಕೆ ತದ್ವಿರುದ್ಧ. ಸದ್ದು ಮಾಡದಿರುವುದನ್ನು ವಿನ್ಯಾಸ ಮಾಡುವುದು ಅವನ ಕೆಲಸ. ನೀವು ಫೋನಿನಲ್ಲಿ ಏನೋ ಓದುತ್ತಿರುತ್ತೀರಿ, ಅರ್ಧಕ್ಕೆ ಬಿಟ್ಟು ಏಳುತ್ತೀರಿ. ಆಮೇಲೆ ಟ್ಯಾಬ್ ಕೈಗೆತ್ತಿಕೊಂಡರೆ ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಣ್ಣದ ಗೆರೆ. ಮುಟ್ಟಿದರೆ ಬಿಟ್ಟ ಪುಟ ಬಿಟ್ಟ ಸಾಲಿನಿಂದಲೇ ತೆರೆದುಕೊಳ್ಳುತ್ತದೆ. ಮುಟ್ಟದಿದ್ದರೆ ಗೆರೆಗೆ ಬೇಸರವಿಲ್ಲ, ದಿನದಿಂದ ದಿನಕ್ಕೆ ಮಾಸುತ್ತಾ ತಾನಾಗಿ ಇಲ್ಲವಾಗುತ್ತದೆ. ಟಿಂಗ್ ಎನ್ನುವುದಿಲ್ಲ, ಜೇಬಿನಲ್ಲಿ ನಡುಗುವುದಿಲ್ಲ, 'ಮುಂದುವರಿಸಬೇಕೇ?' ಎಂದು ಅಡ್ಡ ಬಂದು ಕೇಳುವುದಿಲ್ಲ. ಒಂದೇ ಮನೆಯವರಾದರೆ ತಮ್ಮ ಪುಟವನ್ನು ಬೆರಳಿನಿಂದ ಅಂಚಿಗೆ ತಳ್ಳಿ ಇನ್ನೊಬ್ಬರ ಪರದೆಗೆ ದಾಟಿಸಬಹುದು, ಅಲ್ಲೂ ಅದೇ ತಣ್ಣನೆಯ ಗೆರೆ. "ಇದ್ದೂ ಇಲ್ಲದ ಹಾಗಿರಬೇಕು" ಎಂಬುದು ಅವನು ತನ್ನ ತಂಡಕ್ಕೆ ಕೊಟ್ಟ ಮಂತ್ರ. ಅದನ್ನು ಹೇಳುವಾಗ ಅವನು ಕಣ್ಣು ಅರೆ ಮುಚ್ಚುತ್ತಿದ್ದ. ಕೇಳುವವರು ಜ್ಞಾನವೆಂದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಅರ್ಧ ನಿದ್ದೆಗೇಡು.

ನಿದ್ದೆಗೇಡಿಗೆ ಕಾರಣ ಅಕ್ಕ ಎಂದು ಅವನು ನಂಬಿದ್ದ. ಗಂಡನ ಮನೆ ತೊರೆದು ಎರಡು ಸೂಟ್‌ಕೇಸ್ ಹಿಡಿದು ಅವಳು ಬಂದಾಗ ಇವನಿಗೆ ಮದುವೆಯಿಲ್ಲ, ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಬಾ ಎಂದಿದ್ದ. ಅಂದಿನಿಂದ ಮನೆಗೆ ಬಾಯಿ ಬಂದಿತ್ತು. ಫೋನಿನಲ್ಲಿ ಕೆಲಸದ ಮಾತಾಡುತ್ತಿರುವಾಗ ಬಾಗಿಲು ತೆರೆದು "ಒಗೆಯೋಕೆ ಏನಾದ್ರೂ ಇದೆಯಾ?" ಎನ್ನುವಳು. ಪರದೆಯ ಮೇಲೆ ಬಗ್ಗಿ "ಇಷ್ಟು ಸಣ್ಣ ಅಕ್ಷರ ಯಾರಪ್ಪಾ ಓದ್ತಾರೆ!" ಎನ್ನುವಳು. ಅವನಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಜ್ವರ ಬಂದು ಮಲಗಿದಾಗ ಅದೇ ಬಾಯಿ ಗಂಟೆಗೊಮ್ಮೆ ಕೂಗಿ ಮಾತ್ರೆ ನುಂಗಿಸುತ್ತಿತ್ತು ಎಂಬುದು ಮಾತ್ರ ಜ್ವರ ಬಿಟ್ಟಮೇಲೆ ಮರೆತುಹೋಗುತ್ತಿತ್ತು.

ಅಂಥದ್ದೇ ಒಂದು ಬೆಳಿಗ್ಗೆ ಉಗಿಸಿಕೊಂಡು ಆಫೀಸಿಗೆ ಹೋದವನ ಮುಂದೆ ಯಾರೋ ಒಂದು ಪುಟ ತೆರೆದು ತೋರಿಸಿದರು. ತೆರೆದದ್ದೇ ತಡ, ಮೂರು ಕಡೆಯಿಂದ ಮೂರು ಪಾಪ್‌ಅಪ್ ಎದ್ದು ನಿಂತವು. "ಇದೇನ್ರೀ ಇದು, ನಮ್ಮಕ್ಕನ ಹಾಗೆ! ಕೇಳ್ದೇ ಇದ್ರೂ ಮಧ್ಯ ಬಾಯಿ ಹಾಕುತ್ತೆ" ಎಂದ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗು ಒಂದು ದಿನಕ್ಕೆ ಮುಗಿಯಲಿಲ್ಲ. ಅಡ್ಡ ಬರುವುದಕ್ಕೆಲ್ಲ ಅದೇ ಹೆಸರಾಯಿತು. ಈ ಪುಟದಲ್ಲಿ ಎರಡು ಅಕ್ಕ ಇದೆ, ಆ ಅಕ್ಕನ ಸದ್ದು ತೆಗೀರಿ, ಈ ಅಕ್ಕ ತಾನಾಗಿ ಮುಚ್ಚಿಕೊಳ್ಳೋ ಹಾಗೆ ಮಾಡಿ. ಬಳಸಿ ಬಳಸಿ ಆ ಮಾತು ಎಷ್ಟು ಸವೆದುಹೋಯಿತೆಂದರೆ, ಅದು ಹುಟ್ಟಿದ್ದು ತನ್ನ ಮನೆಯಲ್ಲೇ ಎಂಬುದನ್ನು ಆ ಮನುಷ್ಯನೇ ಮರೆತ.

ಮರೆಯದೆ ಇದ್ದಿದ್ದರೆ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದನೇ? ಗೆರೆಯ ಕೆಲಸ ಒಂದು ಹದಕ್ಕೆ ಬಂದಾಗ, ಈ ಕಸುಬಿನ ಗಾಳಿ ಸೋಕದವರು ಬಳಸಿ ನೋಡಲಿ, ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನು ತನ್ನಿ ಎಂದು ಮೇಲಿನವರು ಹೇಳಿದರು. ಇವನ ಮನೆಯಲ್ಲಿ ಇನ್ನಾರಿದ್ದಾರೆ? ಅಕ್ಕ ರಜೆ ಹಾಕಿದಳು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಳು. ದಾರಿಯುದ್ದಕ್ಕೂ "ನನಗೇನು ಗೊತ್ತಾಗುತ್ತೋ, ನಿನ್ನ ಮರ್ಯಾದೆ ತೆಗೆದುಬಿಡ್ತೀನಿ ಅಷ್ಟೇ" ಎಂದು ನಗುತ್ತಾ ಬಂದಳು. ತಮ್ಮನ ಆಫೀಸನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು.

ಗಾಜಿನ ಗೋಡೆಯ ಕೋಣೆಯಲ್ಲಿ ಅವಳ ಎದುರು ಒಂದು ಫೋನು, ಒಂದು ಟ್ಯಾಬ್ ಇಟ್ಟರು. ಅವಳು ಕನ್ನಡಕ ಏರಿಸಿ ಚೆನ್ನಾಗಿಯೇ ಕಲಿತಳು. ಗೆರೆ ಮುಟ್ಟಿದ ಕೂಡಲೇ ಓದುತ್ತಿದ್ದ ಸಾಲು ಮತ್ತೆ ಎದ್ದು ಬಂದಾಗ "ಅಯ್ಯೋ, ಜಾಣ!" ಎಂದು ತಮ್ಮನ ಬೆನ್ನಿಗೊಂದು ಬಿಟ್ಟಳು. ಅವನಿಗೆ ಹೆಮ್ಮೆಯೂ ಆಯಿತು, ಗಾಜಿನಾಚೆಯವರು ನೋಡಿದರೇನೋ ಎಂದು ಸಂಕೋಚವೂ ಆಯಿತು. ಆಗ ಕೋಡ್ ಬರೆಯುವಾಕೆ ಒಳಗೆ ಬಂದಳು. ಈಚೆಗೆ ಕೆಲಸಕ್ಕೆ ಸೇರಿದವಳು, ಕೂತಿರುವ ಹೆಂಗಸು ಸರ್‌ಗೆ ಏನಾಗಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಸರ್, ಮೊದಲನೇ ಪುಟದಲ್ಲಿ ಇನ್ನೂ ಒಂದು ಅಕ್ಕ ಉಳ್ಕೊಂಡಿದೆ. ಈಗಲೇ ತೆಗೆದುಬಿಡ್ಲಾ?"

ಆ ಹೆಸರು ಹುಟ್ಟಿದ್ದೆಲ್ಲಿ ಎಂದು ಅವನಿಗೆ ಆಗ ನೆನಪಾಯಿತು. ಅಕ್ಕ ಟ್ಯಾಬಿನಿಂದ ತಲೆಯೆತ್ತಿದಳು. "ಯಾವ ಅಕ್ಕ ಕಣಮ್ಮಾ?"

"ಅದು ನಮ್ಮಲ್ಲಿ ಹಾಗೆ ಅನ್ನೋದು ಮೇಡಂ. ಕೇಳ್ದೇ ಇದ್ರೂ ಮಧ್ಯ ಬಾಯಿ ಹಾಕೋದಕ್ಕೆಲ್ಲ ಅಕ್ಕ ಅಂತೀವಿ. ಸರ್ ಇಟ್ಟ ಹೆಸರು, ತುಂಬಾ ಚೆನ್ನಾಗಿದೆ ಅಲ್ವಾ?"

ಅಕ್ಕ ನಕ್ಕಳು. ಗಾಜಿನಾಚೆ ಕೂತವರೂ ತಿರುಗಿ ನೋಡುವ ಹಾಗೆ ನಕ್ಕಳು. "ಇಲ್ಲೀತನಕ ಎಷ್ಟು ಅಕ್ಕಂದಿರನ್ನ ತೆಗೆದ್ರಿ?"

"ಅಯ್ಯೋ, ಲೆಕ್ಕ ಇಟ್ಟೋರ್ಯಾರು ಮೇಡಂ!"

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಕ್ಕ ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಕೊನೆಗೆ ಅವಳೇ ಹೇಳಿದಳು.

"ಮಧ್ಯ ಬಾಯಿ ಹಾಕ್ತೀನಿ, ಅದು ನಿಜ. ಬೇಜಾರಿಲ್ಲ. ಆದ್ರೆ 'ಉಳ್ಕೊಂಡಿದೆ' ಅಂದಳಲ್ಲೋ ಆಕೆ. 'ಉಳ್ಕೊಂಡಿದಾಳೆ' ಅಂತ ಆದ್ರೂ ಅನ್ಬಹುದಿತ್ತು."

"ಅಕ್ಕ, ಅದು ತಮಾಷೆಗೆ..."

"ಗೊತ್ತು ಬಿಡು" ಎಂದಳು. ಅಷ್ಟೇ.

ಮರುದಿನದಿಂದ ಮನೆಯಲ್ಲಿ ಕೂಗು ನಿಂತಿತು. ಸಿಟ್ಟಲ್ಲ, ಮುನಿಸಲ್ಲ. ಮುನಿಸಾದರೆ ಪಾತ್ರೆಗಳಾದರೂ ಸದ್ದು ಮಾಡುತ್ತವೆ. ಊಟ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿತ್ತು. ಒಗೆದ ಬಟ್ಟೆ ಮಡಚಿ ಅವನ ಕೋಣೆಯ ಹೊರಗಿನ ಕುರ್ಚಿಗೆ ಬರುತ್ತಿತ್ತು. ಬಾಗಿಲು ಯಾರೂ ತೆರೆಯುತ್ತಿರಲಿಲ್ಲ. ಏನಾದರೂ ಕೇಳಿದರೆ ಕೇಳಿದಷ್ಟಕ್ಕೆ ಉತ್ತರ, ಕೇಳದಿದ್ದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೊದಲ ಕೆಲವು ದಿನ ಅವನಿಗೆ ನಾಚಿಕೆಯಾಯಿತು. ಕ್ಷಮಿಸು ಎನ್ನಬೇಕೆಂದು ಮನಸ್ಸಿನಲ್ಲೇ ನಾಲ್ಕಾರು ಬಗೆಯಲ್ಲಿ ಹೇಳಿ ನೋಡಿಕೊಂಡ. ಯಾವುದೂ ಸರಿಯೆನಿಸದೆ ಭಾನುವಾರಕ್ಕೆ ಮುಂದೂಡಿದ. ಭಾನುವಾರ ಬಂತು, ಹೋಯಿತು. ಆಮೇಲೆ, ಹೇಳಲು ಹೇಸಿಗೆಯಾಗುತ್ತದೆ, ಅವನಿಗೆ ಆ ನಿಶ್ಶಬ್ದ ಹಿತವಾಗತೊಡಗಿತು. ಕೆಲಸ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತು. ಮೇಲಿನವರು ಹೊಗಳಿದರು. ನಿದ್ದೆಯೂ ಚೆನ್ನಾಗಿ ಬಂತು.

ಪ್ರಯೋಗಕ್ಕೆಂದು ಆ ದಿನ ಆಫೀಸಿನವರು ಹಾಕಿಕೊಟ್ಟ ಆ್ಯಪ್ ಅಕ್ಕನ ಫೋನಿನಲ್ಲೂ ಇವನ ಟ್ಯಾಬಿನಲ್ಲೂ ಇನ್ನೂ ಇತ್ತು. ಒಂದು ಸಂಜೆ ಟ್ಯಾಬ್ ತೆರೆದಾಗ ಅಂಚಿನಲ್ಲಿ ತೆಳು ನೀಲಿ ಗೆರೆ ಕಂಡಿತು. ಅಕ್ಕ ದಾಟಿಸಿದ್ದು. ಅವನು ಮೊದಲು ಮೆಚ್ಚಿಕೊಂಡದ್ದು ಬಣ್ಣವನ್ನು. ನೀಲಿ ಎಷ್ಟು ಬೇಕೋ ಅಷ್ಟೇ ಇದೆ, ಕಣ್ಣಿಗೆ ಚುಚ್ಚುತ್ತಿಲ್ಲ ಎಂದುಕೊಂಡು ಮುಟ್ಟಿದ.

ಬಾಡಿಗೆ ಕೋಣೆಗಳ ಪುಟ. ಇನ್ನೊಂದು ಊರಿನದು. ಆ ಊರಿನಲ್ಲಿ ಅಕ್ಕನ ಆಸ್ಪತ್ರೆಯವರು ಹೊಸ ಶಾಖೆ ತೆರೆಯುತ್ತಿದ್ದಾರೆ, ಹಳಬರನ್ನು ಬರುತ್ತೀರಾ ಎಂದು ಕೇಳುತ್ತಿದ್ದಾರೆ ಎಂದು ಅವಳು ಹಿಂದೊಮ್ಮೆ, ಬಾಯಿದ್ದ ಕಾಲದಲ್ಲಿ, ಹೇಳಿದ್ದಳು. "ನನ್ನ ತಮ್ಮನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಅಂದೆ" ಎಂದೂ ಹೇಳಿದ್ದಳು. ಈಗ ಒಬ್ಬರಿಗೆ ಸಾಲುವ ಕೋಣೆ, ಕಿಟಕಿಯಿರುವುದು, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದ್ದು, ಪರದೆಯ ಮೇಲಿತ್ತು.

ಅವನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ, ಆ ಕ್ಷಣ ಅರ್ಥವಾಯಿತು. ಅರ್ಥವಾದಾಗ ಮೊದಲು ಹುಟ್ಟಿದ್ದು ದುಃಖವಲ್ಲ, ಹಗುರ. ಹಾಯೆನಿಸಿತು. ಇನ್ನು ಕ್ಷಮೆ ಕೇಳುವ ತಾಪತ್ರಯವಿಲ್ಲ, ಆ ಮುಖವನ್ನು ದಿನಾ ನೋಡುವ ಕಷ್ಟವಿಲ್ಲ. ಅವಳಿಗೂ ಒಳ್ಳೆಯದೇ, ನಡೆದು ಹೋಗುವಷ್ಟು ಹತ್ತಿರವಂತೆ. ಅದರ ಬೆನ್ನಿಗೇ, ಛೀ ಎಂಥ ಮನುಷ್ಯ ನಾನು ಎನಿಸಿತು. ಎನಿಸಿದ್ದಕ್ಕೆ ಎದ್ದು ಹೋಗಿ ಮಾತಾಡಿಸಿದನೇ? ಇಲ್ಲ. ಹೋಗುವವಳಾದರೆ ಅವಳೇ ಹೇಳುತ್ತಾಳೆ, ಅವಳೇನು ಬಾಯಿ ಮುಚ್ಚಿಕೊಂಡಿರುವವಳೇ ಎಂದುಕೊಂಡು ಪುಟ ಮುಚ್ಚಿದ.

ಊಟವಾದ ಮೇಲೆ ಅಕ್ಕ ಅವನ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಕೈಯಲ್ಲಿ ಒರೆಸುವ ಬಟ್ಟೆಯಿತ್ತು, ಅದನ್ನೇ ಮಡಚಿ ಬಿಚ್ಚಿ ಮಾಡುತ್ತಿದ್ದಳು.

"ಏನಾದ್ರೂ ಹೇಳೋದಿದೆಯೇನೋ?"

ಅವನು ಪರದೆಯಿಂದ ಕಣ್ಣೆತ್ತಲಿಲ್ಲ. "ಇಲ್ಲ. ಯಾಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಆಮೇಲೆ ಅಡುಗೆಮನೆಯ ದೀಪ ಆರಿತು.

ಅವಳು ಹೊರಟದ್ದು ಕೆಲವು ದಿನಗಳ ಮೇಲೆ, ಅವನು ಆಫೀಸಿನಲ್ಲಿದ್ದಾಗ. ಸಂಜೆ ಬಂದು ನೋಡಿದರೆ ಕೋಣೆ ಗುಡಿಸಿ ಒರೆಸಿತ್ತು, ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು, ಮನೆಯ ಬೀಗದ ಕೈ ಮೇಜಿನ ಮೇಲಿತ್ತು. ಚೀಟಿಯಿಲ್ಲ, ಸಂದೇಶವಿಲ್ಲ. ಅವನು ಕೋಣೆಯ ನಡುವೆ ನಿಂತು "ಅಕ್ಕಾ" ಎಂದು ಕೂಗಿದ. ಅವಳು ಅಲ್ಲಿಲ್ಲವೆಂದು ಗೊತ್ತಿದ್ದೂ ಕೂಗಿದ. ಖಾಲಿ ಕೋಣೆಯಲ್ಲಿ ತನ್ನ ದನಿಯೇ ತನಗೆ ದೊಡ್ಡದಾಗಿ ಕೇಳಿ ಗಾಬರಿಯಾಯಿತು. ಹಗುರವೆಲ್ಲ ಎಲ್ಲಿ ಹೋಯಿತೋ, ಅವಳ ನಂಬರಿಗೆ ಮತ್ತೆ ಮತ್ತೆ ಫೋನು ಮಾಡಿದ.

ಆ ರಾತ್ರಿ ಅವಳು ಫೋನು ಎತ್ತಲಿಲ್ಲ. ಮರುದಿನ ಮಧ್ಯಾಹ್ನ ಎತ್ತಿದಳು. ಹಿಂದೆ ಕುರ್ಚಿಗಳನ್ನು ಎಳೆಯುವ ಸದ್ದು, ಯಾರದೋ ಕೆಮ್ಮು. ಅವಳು ಕೆಲಸದ ಮೇಲಿದ್ದಳು.

"ಹೇಳ್ದೇ ಹೋಗೋದಾ ಅಕ್ಕ? ನಾನೇನು ಪರಕೀಯನಾ?"

"ಹೇಳಿದ್ನಲ್ಲ. ರೂಮಿನ ಪುಟ ನಿನ್ನ ಟ್ಯಾಬಿಗೆ ದಾಟಿಸಿದ್ದೆ."

"ಅದಾ... ಅದನ್ನ ನಾನು ನೋಡೇ ಇಲ್ಲ. ಕೆಲಸದ ಗಡಿಬಿಡೀಲಿ ಕಣ್ಣಿಗೇ ಬಿದ್ದಿಲ್ಲ. ನೋಡಿದ್ರೆ ನಿನ್ನ ಹೋಗೋಕೆ ಬಿಡ್ತಿದ್ನಾ?"

ಆ ಕಡೆಯಿಂದ ಬಂದ ದನಿ ಎಷ್ಟು ತಗ್ಗಿತ್ತೆಂದರೆ ಅವನು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು. ಜೀವಮಾನದಲ್ಲಿ ಅಕ್ಕನ ಮಾತಿಗೆ ಅವನು ಹಾಗೆ ಕಿವಿಗೊಟ್ಟಿರಲಿಲ್ಲ.

"ನೀನು ನೋಡ್ದೆ ಕಣೋ. ನೀನು ಮುಟ್ಟಿದ ಕೂಡ್ಲೇ ನನ್ನ ಫೋನಲ್ಲಿ ಆ ಗೆರೆ ಹಸಿರಾಯ್ತು."

ಅವನಿಗೆ ನೆನಪಾಯಿತು. ಯಾರು ಗೆರೆ ಮುಟ್ಟುತ್ತಾರೆ, ಯಾರು ಬಿಡುತ್ತಾರೆ ಎಂಬುದು ದಾಟಿಸಿದವರ ಪರದೆಯಲ್ಲೇ ತಿಳಿಯಲೆಂದು ಪ್ರಯೋಗದ ಮಟ್ಟಿಗೆ ಮಾತ್ರ ಹಾಕಿದ ಏರ್ಪಾಡು ಅದು. ಕೋಡ್ ಬರೆಯುವಾಕೆ ಕೇಳಿದಾಗ ಇವನೇ ಆಗಲಿ ಎಂದಿದ್ದ. ಬೇರೆ ಸಾವಿರ ಕೆಲಸಗಳ ನಡುವೆ ಮರೆತಿದ್ದ.

"ಹಸಿರಾಯ್ತಲ್ಲ, ಈಗ ಎದ್ದು ಬರ್ತಾನೆ ಅಂತ ಕಾದೆ" ಅಕ್ಕ ಹೇಳುತ್ತಿದ್ದಳು. "ನೀನು ಬರ್ಲಿಲ್ಲ. ನಾನೇ ಬಂದು ಬಾಗಿಲಲ್ಲಿ ನಿಂತು ಕೇಳ್ದೆ. ನೀನು ಇಲ್ಲ ಅಂದೆ. ಮಾರನೇ ಬೆಳಿಗ್ಗೆ ಆಸ್ಪತ್ರೆಯವರಿಗೆ ಹೂಂ ಅಂದುಬಿಟ್ಟೆ."

ಸುಳ್ಳು ಹಿಡಿದುಕೊಟ್ಟದ್ದು ತನ್ನದೇ ಕೈಕೆಲಸ, ಹಿಡಿದವಳು ಅದನ್ನು ಕೂಗಿ ಹೇಳುತ್ತಲೂ ಇಲ್ಲ. ಒಂದು ಸಲ ಬೈದುಬಿಡಲಿ, ಹಳೆಯ ಗಂಟಲಿನಲ್ಲಿ, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಬೈಯಲಿ ಎಂದು ಅವನ ಜೀವ ಬೇಡಿತು.

"ನಾನು ಹೋಗು ಅನ್ನಲಿಲ್ಲವಲ್ಲ ಅಕ್ಕ" ಎಂದ. ಎಂಥ ಮಾತು! ಆಡುವಾಗಲೇ ಅದರ ಬಡತನ ಅವನಿಗೇ ಕಂಡಿತು.

"ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ."

ಅಷ್ಟರಲ್ಲಿ ಯಾರೋ ಅವಳನ್ನು ಕರೆದರು. ಅವಳು ಫೋನಿನಿಂದ ಮುಖ ತಿರುಗಿಸಿ, "ಮುಂದಿನವರು ಬನ್ನಿ! ಅಜ್ಜಾ, ನೀವೇ. ಗೋಡೆ ಹಿಡ್ಕೊಂಡು ನಿಧಾನಕ್ಕೆ ಬನ್ನಿ" ಎಂದು ಕೂಗಿದಳು. ಗಂಟಲಿಗೆ ಏನೂ ಆಗಿರಲಿಲ್ಲ.

"ಇಡ್ತೀನಿ ಕಣೋ."

ಅವನು ಇದ್ದಬದ್ದ ಉಸಿರೆಲ್ಲ ಒಟ್ಟುಮಾಡಿ, "ಇರು ಅಕ್ಕ" ಎಂದ.

"ಇರೋಕಾಗಲ್ಲ ಕಣೋ, ಹೊರಗೆ ಜನ ತುಂಬಿದಾರೆ" ಎಂದು ಅಕ್ಕ ಫೋನು ಇಟ್ಟಳು.