ಸಾವಿರದ ಎಂಬತ್ತರ ಹಟ

ಕೃಷ್ಣಾನಂದರಿಗೆ ದೊಡ್ಡ ಸಂಖ್ಯೆಗಳ ಮೇಲೆ ಮೊದಲಿನಿಂದಲೂ ಭಕ್ತಿ. ಫ್ಯಾನು ಐದರಲ್ಲೇ ತಿರುಗಬೇಕು, ಫ್ರಿಜ್ಜು ಕೊನೆಯ ಅಂಕಿಯಲ್ಲೇ ನಿಲ್ಲಬೇಕು. ಬೆಳಿಗ್ಗೆ ಹಾಲು ಗಡ್ಡೆ ಕಟ್ಟಿ ಸಿಕ್ಕಿದರೆ ಅದು ಫ್ರಿಜ್ಜಿನ ಹೆಚ್ಚುಗಾರಿಕೆ. ಪುತ್ತೂರಿನವರಾದ ಅವರು ಎರ್ನಾಕುಲಂನ ಬ್ಯಾಂಕಿನಲ್ಲಿ ಆಫೀಸರು. ಹೆಂಡತಿ ರತ್ನ, ಮಗಳು ಇಂಚರಾಳೊಂದಿಗೆ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ್ದರು. 2008ರ ಓಣಂಗೆ ಆ ಮನೆಗೆ ಮೂವತ್ತೆರಡು ಇಂಚಿನ ಎಲ್‌ಸಿಡಿ ಟಿವಿಯೂ ಹೊಸ ಡಿವಿಡಿ ಪ್ಲೇಯರೂ ಒಟ್ಟಿಗೆ ಬಂದವು.

ಪ್ಲೇಯರಿನಿಂದ ಚಿತ್ರ ಎಷ್ಟು ಗೆರೆಗಳಲ್ಲಿ ಹೊರಬರಬೇಕು ಎಂದು ಆರಿಸುವ ಮೆನು ಒಂದಿತ್ತು. 576, 720p, 1080i, 1080p. ಕೃಷ್ಣಾನಂದರು ಹಿಂದುಮುಂದು ನೋಡದೆ ಕೊನೆಯದನ್ನು ಒತ್ತಿದರು. ಟಿವಿ ಕಪ್ಪಾಯಿತು. ಮೆನುವೂ ಆ ಕಪ್ಪಿನೊಳಗೇ ಹೋದದ್ದರಿಂದ ಮರಳುವ ದಾರಿಯೂ ಮುಚ್ಚಿತು.

ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕಿದ್ದ ವಿನ್ಸೆಂಟ್ ಊರಿನಲ್ಲಿ ಅವರ ಪಕ್ಕದ ಮನೆಯ ಹುಡುಗ. ಅವನಿಗೆ ಫೋನು ಹೋಯಿತು. ಹಳೆಯ ಮೂರು ಬಣ್ಣದ ವಯರು ಸಿಕ್ಕಿಸಿ ಮೆನು ಕಾಣುವಂತೆ ಮಾಡಿಕೊಳ್ಳಿ, ಆಮೇಲೆ 720ಕ್ಕೆ ಇಡಿ ಎಂದು ಅವನು ಹೇಳಿದ. ವಯರಿನ ಮಾತನ್ನು ಕೃಷ್ಣಾನಂದರು ಒಪ್ಪಿದರು, 720ರ ಮಾತನ್ನು ಒಪ್ಪಲಿಲ್ಲ. 1080p ಈ ಟಿವಿಗೆ ಆಗದಿದ್ದರೆ ಅದರ ಹಿಂದಿನ 1080i ಇರಲಿ ಎಂದರು.

"ಅಣ್ಣಾ, ನಿಮ್ಮ ಟಿವಿಯಲ್ಲಿ ಇರುವುದೇ ಏಳ್ನೂರು ಚಿಲ್ಲರೆ ಗೆರೆ," ಎಂದ ವಿನ್ಸೆಂಟ್. "ಟೆನ್ ಎಯ್ಟಿ ಐ ಅಂದ್ರೆ ಒಂದು ಸಲಕ್ಕೆ ಅರ್ಧ ಚಿತ್ರ. ಟಿವಿ ಎರಡರ್ಧ ಜೋಡಿಸ್ಬೇಕು, ಮತ್ತೆ ಕುಗ್ಗಿಸ್ಬೇಕು. ಸೆವೆನ್ ಟ್ವೆಂಟಿಯಲ್ಲಿ ಇಡೀ ಚಿತ್ರ ಒಟ್ಟಿಗೇ ಬರ್ತದೆ."

"ಸಾವಿರ ದಾಟಿದವ ಪುನಃ ಏಳ್ನೂರಕ್ಕೆ ಇಳಿಯುದಾ ಮಾರಾಯ? ಪ್ರಮೋಶನ್ ಆದವ ಹಳೇ ಕುರ್ಚಿಗೆ ಹೋಗಿ ಕೂತ ಹಾಗೆ ಆಗ್ತದೆ," ಎಂದು ಇವರು 1080iಯಲ್ಲಿ ನಿಂತರು.

ಇಂಚರಾಳ ಶಾಲೆಯ ಓಣಂ ಕಾರ್ಯಕ್ರಮದ ಡಿವಿಡಿ ಕೈಗೆ ಬಂದ ಮೇಲೆ ಮನೆಯಲ್ಲಿ ಅದೊಂದೇ ಓಡತೊಡಗಿತು. ಬಿಳಿ ಸೀರೆಯುಟ್ಟ ಹುಡುಗಿಯರು ದೀಪದ ಸುತ್ತ ಚಪ್ಪಾಳೆ ತಟ್ಟುತ್ತ ತಿರುವಾದಿರ ಕುಣಿಯುತ್ತಿದ್ದರು. ಸೀರೆಯ ಕಸವಿನ, ಎಂದರೆ ಚಿನ್ನದ ಜರಿಯ, ಅಂಚು ಮಾತ್ರ, ಹುಡುಗಿಯರು ನಿಂತಲ್ಲೂ ನಿಲ್ಲದೆ ನಡುಗುತ್ತಿತ್ತು. "ವಿರಯ್ಕುನ್ನುಂಡಲ್ಲೋ ಅಪ್ಪಾ," ಎಂದಳು ಇಂಚರಾ. ನಡುಗುತ್ತಿದೆಯಲ್ಲ ಎಂದು ಮಗಳು ಮಲಯಾಳದಲ್ಲಿ ಕೇಳಿದ್ದಕ್ಕೆ ಅಪ್ಪ ಕನ್ನಡದಲ್ಲಿ, ಅದು ನಡುಕವಲ್ಲ, ಜರಿಯ ಹೊಳಪು, ಹಳೆಯ ಟಿವಿಯಲ್ಲಿ ಕಾಣುತ್ತಿರಲಿಲ್ಲ ಎಂದು ವಿವರಿಸಿದರು.

ಅಷ್ಟರಲ್ಲಿ ರತ್ನಳ ತಾಯಿ ಸೀತಮ್ಮ ಕಾಸರಗೋಡಿನಿಂದ ಬಂದರು. ಮೊಮ್ಮಗಳ ಕುಣಿತ ನೋಡಿದಾಗಲೆಲ್ಲ ಅಜ್ಜಿಯ ಕಣ್ಣಲ್ಲಿ ನೀರು. ಅದು ಆನಂದಬಾಷ್ಪ ಎಂದು ತಿಳಿದ ಅಳಿಯ ಪ್ರತಿ ಸಂಜೆಯೂ ಅದನ್ನೇ ಹಾಕಿದರು.

ಮುಂದಿನ ವಾರ ತರಬೇತಿಗೆಂದು ಕೃಷ್ಣಾನಂದರು ತಿರುವನಂತಪುರಕ್ಕೆ ಹೋಗಿ ವಿನ್ಸೆಂಟನ ಮನೆಯಲ್ಲೇ ಉಳಿದರು. ಅವನ ಟಿವಿಯ ಚಿತ್ರ ನೀರು ನಿಂತ ಹಾಗೆ ನಿಶ್ಚಲವಾಗಿತ್ತು. ಜೀವ ಕಡಿಮೆ, ಮಿಂಚು ಕಡಿಮೆ ಎಂದು ಇವರು ತೀರ್ಪು ಕೊಟ್ಟರು. ವಿನ್ಸೆಂಟನ ಹೆಂಡತಿ ಜಾಯ್ಸ್ ನಗು ತಡೆಯಲು ಮೀನಿನ ಸಾರು ತರುವ ನೆಪದಲ್ಲಿ ಒಳಗೆ ಹೋದಳು. ಕೊನೆಗೆ ಕೃಷ್ಣಾನಂದರು, ನೀನೇ ಬಂದು ಕಣ್ಣಾರೆ ನೋಡು ಎಂದು ವಿನ್ಸೆಂಟನಿಗೆ ಹೇಳಿ, ಗಂಡ ಹೆಂಡತಿ ಇಬ್ಬರನ್ನೂ ಶನಿವಾರಕ್ಕೆ ಮನೆಗೆ ಕರೆದರು.

ಮನೆಗೆ ಮರಳಿ ಟಿವಿ ಹಾಕಿದವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ, ಟಿವಿ ಬಳಸಿದಷ್ಟೂ ಪಳಗುತ್ತದೆ, ಹೊಸತರಲ್ಲಿ ಇದ್ದ ಒರಟುತನ ಈಗ ಇಲ್ಲ ಎಂದರು. ರತ್ನ, ಹೌದು, ಪಳಗಿಸಿದರೆ ಎಲ್ಲವೂ ಪಳಗುತ್ತವೆ ಎಂದು ಹೇಳಿ ಬಟ್ಟೆ ಮಡಚುತ್ತ ಕೂತಳು.

ಶನಿವಾರ ವಿನ್ಸೆಂಟ್, ಜಾಯ್ಸ್ ಬಂದರು. ಊಟವಾದ ಮೇಲೆ ಕೃಷ್ಣಾನಂದರು ಟಿವಿಯ ಪಕ್ಕ ನಿಂತು ಒಂದೊಂದಾಗಿ ತೋರಿಸಿದರು. ಕಸವಿನ ಎಳೆ ಎಣಿಸಬಹುದು. ದೀಪದ ಬತ್ತಿ ಕಾಣುತ್ತದೆ. ಮುಡಿದ ಮಲ್ಲಿಗೆಯ ಮೊಗ್ಗು ಬೇರೆ ಬೇರೆ. ವಿನ್ಸೆಂಟ್ ಹತ್ತಿರ ಹೋಗಿ ನೋಡಿದ, ದೂರದಿಂದ ನೋಡಿದ, ತಲೆ ಕೆರೆದುಕೊಂಡ. ಓದಿದ್ದಕ್ಕೂ ನೋಡುತ್ತಿರುವುದಕ್ಕೂ ಹೊಂದುತ್ತಿಲ್ಲ, ಟೆನ್ ಎಯ್ಟಿಯ ಬಗ್ಗೆ ತಾನು ಹೇಳಿದ್ದು ತಪ್ಪಿರಬಹುದು, ಗೆರೆ ಹೆಚ್ಚಾದದ್ದು ಗೊತ್ತಾಗುತ್ತದೆ ಎಂದು ಒಪ್ಪಿಕೊಂಡ. ಕೃಷ್ಣಾನಂದರು ಗೆದ್ದವರ ಉದಾರತೆಯಿಂದ ಅವನ ಬೆನ್ನು ತಟ್ಟಿದರು.

ಖಾತರಿಗೆಂದು ವಿನ್ಸೆಂಟ್ ಟಿವಿಯ ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದ. ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ 720p ಎಂದು ಬಂತು.

ಚಪ್ಪಾಳೆಯ ಸದ್ದು ಟಿವಿಯೊಳಗಿನದು ಮಾತ್ರ.

"ನಾನೇ ಇಟ್ಟದ್ದು, ನೀವು ತರಬೇತಿಗೆ ಹೋದ ದಿನ," ಎಂದಳು ರತ್ನ. "ಆ ನಡುಕ ನೋಡಿ ನೋಡಿ ಅಮ್ಮನಿಗೆ ಕಣ್ಣುರಿ. ನಿಮಗೆ ಹೇಳುವ ಅಂತಿದ್ದೆ. ಆದ್ರೆ ಟಿವಿ ಪಳಗಿದೆ ಅಂತ ನೀವು ಅಷ್ಟು ಖುಷಿಯಲ್ಲಿದ್ರಿ."

ಸೀತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕೃಷ್ಣಾನಂದರ ಕಿವಿ ಕೆಂಪಾಯಿತು. ಆದರೆ ಅವರು ಬಾಯಿ ತೆರೆಯುವ ಮೊದಲೇ ಜಾಯ್ಸ್ ಗಂಡನ ಕಡೆ ತಿರುಗಿ, "ಗೆರೆ ಹೆಚ್ಚಾದದ್ದು ನಿಮಗೆ ಎಲ್ಲಿ ಗೊತ್ತಾಯ್ತು?" ಎಂದು ಕೇಳಿದಳು. ಈಗ ಕೆಂಪಾಗುವ ಸರದಿ ವಿನ್ಸೆಂಟನದಾಯಿತು. ತಾವೊಬ್ಬರೇ ಅಲ್ಲ, ಇಬ್ಬರು ಸಿಕ್ಕಿಬಿದ್ದದ್ದು ಕೃಷ್ಣಾನಂದರಿಗೆ ಎಷ್ಟು ಸಮಾಧಾನ ತಂದಿತೆಂದರೆ ಅವರೇ ಮೊದಲು ನಕ್ಕರು. ಆ ನಗು ಹೊಟ್ಟೆಯೊಳಗಿಂದ ಬಂದು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಲಿಲ್ಲ.

ಹಿರಿಯರ ನಗು ಮುಗಿದ ಮೇಲೆ ಇಂಚರಾ, ಎರಡನೆಯ ಸುತ್ತಿನಲ್ಲಿ ತಾನು ಎಡಗಾಲಿಗೆ ಬದಲು ಬಲಗಾಲು ಇಟ್ಟದ್ದು ಯಾರಿಗಾದರೂ ಕಂಡಿತೇ ಎಂದು ಕೇಳಿದಳು. ಅಜ್ಜಿಗೆ ಮಾತ್ರ ಕಂಡಿತ್ತು. ಮೊದಲ ದಿನವೇ, ನಡುಗುವ ಕಸವಿನ ನಡುವೆಯೂ. ಅಪ್ಪ ಮತ್ತೆ ಮೊದಲಿನಿಂದ ಹಾಕಿ ಈ ಸಲ ಸೀರೆಯಂಚು ಬಿಟ್ಟು ಮಗಳ ಕಾಲನ್ನೇ ನೋಡಿದರು.

ಸೋಮವಾರ ಬ್ಯಾಂಕಿನಲ್ಲಿ ಪಕ್ಕದ ಮೇಜಿನ ಅಶ್ರಫ್, ತಾನೂ ಅಂಥದೇ ಟಿವಿ ತಂದಿರುವುದಾಗಿಯೂ ಪ್ಲೇಯರನ್ನು ಯಾವುದರಲ್ಲಿ ಇಡಬೇಕೆಂದು ತಿಳಿಯದಾಗಿರುವುದಾಗಿಯೂ ಹೇಳಿದ. ಕೃಷ್ಣಾನಂದರು ಪೆನ್ನು ಕೆಳಗಿಟ್ಟರು. ಅರ್ಧರ್ಧ ಚಿತ್ರ, ಜೋಡಿಸುವ ಕಷ್ಟ, ಟಿವಿಯೊಳಗಿನ ಏಳ್ನೂರು ಚಿಲ್ಲರೆ ಗೆರೆ ಎಲ್ಲವನ್ನೂ ಮನದಟ್ಟಾಗುವಂತೆ ವಿವರಿಸಿ, ಅಂಕಿ ದೊಡ್ಡದೆಂದು ಮರುಳಾಗುವ ಜನ ಬಹಳ, ನೀನು ಹಾಗಾಗಬೇಡ, 720ರಲ್ಲೇ ಇಡು ಎಂದು ಎಚ್ಚರಿಸಿದರು. ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಅಶ್ರಫ್ ಬೆರಗಾದ.

"ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದು ಮಾರಾಯ," ಎಂದರು ಕೃಷ್ಣಾನಂದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ.